ಅರ್ಧ ಇಳಿಜಾರು

"ಮೊಣಕಾಲು ಮೇಡಂ, ಮೊಣಕಾಲು ಬಗ್ಸಿ!" ಎಂದು ಪಿಳ್ಳಣ್ಣ ಹಳ್ಳದ ತಳದಿಂದ ಕೂಗುವಷ್ಟರಲ್ಲಿ ಕಮಲಾದೇವಿ ಬಿದ್ದಾಗಿತ್ತು. ಕಾಲಿಗೆ ಕಟ್ಟಿದ್ದ ಎರಡು ಹಲಗೆ ಒಂದರ ಮೇಲೊಂದು ಹತ್ತಿ, ಕೈಯಲ್ಲಿದ್ದ ಬಿದಿರುಕೋಲು ಒಂದು ಕಡೆ ಹಾರಿ, ಭತ್ತದ ಹೊಟ್ಟು ಹೊಗೆಯ ಹಾಗೆ ಮೇಲೆದ್ದು ಅವರ ತಲೆಯ ಮೇಲೆಯೇ ಇಳಿಯಿತು. ಇಟ್ಟಿಗೆ ಹೊರುತ್ತಿದ್ದ ಹೆಂಗಸರು ಹೊರೆಯನ್ನೂ ಮರೆತು ನಗತೊಡಗಿದರು.

"ಯಾವ ದೇವ್ರಿಗೆ ಹರಕೆ ಹೊತ್ತವ್ರೆ ಮೇಡಮ್ಮು?" ಎಂದಳು ಮಾರಮ್ಮ, ಅವರಲ್ಲೆಲ್ಲ ಬಾಯಿ ಜೋರಿನವಳು. "ಉರುಳುಸೇವೆ ಮಾಡೋರು ಒದ್ದೆ ಸೀರೇಲಿ ಮಾಡ್ತಾರೆ. ಇವ್ರು ನೋಡಿದ್ರೆ ಪ್ಯಾಂಟ್ ಹಾಕ್ಕೊಂಡವ್ರೆ!"

"ನಗ್ರಮ್ಮ, ನಗ್ರಿ," ಎಂದರು ಕಮಲಾದೇವಿ, ಬಾಯಿಗೆ ಹೋದ ಹೊಟ್ಟನ್ನು ಉಗುಳುತ್ತಾ. ಅವರಿಗೂ ನಗು ಬಂದಿತ್ತು.

ಪಿಳ್ಳಣ್ಣ ಮಾತ್ರ ನಗಲಿಲ್ಲ. "ಬಿದ್ದಿದ್ದು ಚೆನ್ನಾಗಿತ್ತು ಮೇಡಂ. ಪಕ್ಕಕ್ಕೆ ಬಿದ್ರಿ. ಹಂಗೇ ಬೀಳ್ಬೇಕು. ಈಗ ಹಲಗೆ ಎರಡನ್ನೂ ಇಳಿಜಾರಿಗೆ ಅಡ್ಡ ಮಾಡ್ಕಳಿ. ಆಮೇಲೆ ಕೋಲೂರಿ ಏಳಿ. ಅಡ್ಡ ಇದ್ರೆ ಜಾರಲ್ಲ."

ಅವರು ಹಾಗೆಯೇ ಎದ್ದರು. ಜಾರಲಿಲ್ಲ.

ಅದು ಸುದ್ದಗುಂಟೆಪಾಳ್ಯದ ದಾಸಪ್ಪನ ಇಟ್ಟಿಗೆ ಗೂಡು. ಹದಿನೈದು ವರ್ಷದಿಂದ ಜಯನಗರದ ಮನೆಗಳಿಗೆ ಇಟ್ಟಿಗೆ ಸುಟ್ಟು ಸುಟ್ಟು, ಮಣ್ಣು ತೆಗೆದ ಜಾಗ ಕೆರೆಯಷ್ಟು ದೊಡ್ಡ ಹಳ್ಳವಾಗಿತ್ತು. ಎತ್ತಿನಗಾಡಿ ಇಳಿಯಲೆಂದು ಒಂದು ಕಡೆ ದಂಡೆಯನ್ನು ಓರೆಯಾಗಿ ಕಡಿದಿದ್ದರು. ಆ ದಾರಿಯ ಮೇಲೆ ಈಗ ಮೊಣಕಾಲುದ್ದ ಭತ್ತದ ಹೊಟ್ಟು ಹರಡಿತ್ತು. ಗೂಡಿಗೆ ಬೆಂಕಿ ಹಾಕಲು ಅಕ್ಕಿ ಗಿರಣಿಯಿಂದ ತರಿಸಿದ್ದು. ದಂಡೆಯ ನಡುವೆ ಒಂದು ಹೊಂಗೆ ಮರ ದಾರಿಗೆ ವಾಲಿಕೊಂಡಿತ್ತು. ತಳದಲ್ಲಿ ನಿಂತವರಿಗೆ ಮರದ ಈಚೆಗಿನ ಇಳಿಜಾರಷ್ಟೇ ಕಾಣುತ್ತಿತ್ತು, ಮೇಲಿನ ಅರ್ಧ ಕೊಂಬೆಗಳ ಹಿಂದೆ. ಪಿಳ್ಳಣ್ಣ ಪಾಠ ಹೇಳಲು ಯಾವಾಗಲೂ ತಳದಲ್ಲೇ ನಿಲ್ಲುತ್ತಿದ್ದ.

ಪಿಳ್ಳಣ್ಣ ಜಯನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಜವಾನ. ವಯಸ್ಸು ಐವತ್ತೆರಡು. ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಬಂದವನಾದ್ದರಿಂದ ಅವನು ಹೊಡೆಯುವ ಗಂಟೆ ಒಂದು ನಿಮಿಷ ಆಚೀಚೆ ಆಗುತ್ತಿರಲಿಲ್ಲ. ಕಮಲಾದೇವಿ ಅದೇ ಶಾಲೆಯ ಪಿ.ಟಿ. ಟೀಚರು, ಎನ್‌ಸಿಸಿ ಆಫೀಸರೂ ಹೌದು. ದಾವಣಗೆರೆ ಕಡೆಯವರು, ನಾಲ್ಕನೇ ಟಿ ಬ್ಲಾಕಿನಲ್ಲಿ ಅಣ್ಣ ಜಯದೇವಪ್ಪನ ಮನೆಯಲ್ಲಿ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಮೊದಮೊದಲು ಕೇಳುತ್ತಿದ್ದವರು ಈಗ ಕೇಳುವುದನ್ನೂ ಬಿಟ್ಟಿದ್ದರು. ಹದಿನಾಲ್ಕು ವರ್ಷ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಸುಣ್ಣದ ಗೆರೆಯ ಪಕ್ಕ ನಿಂತು ಬೇರೆಯವರ ಮಕ್ಕಳನ್ನು ಓಡಿಸಿದ್ದರು. ಹುಡುಗಿಯರು ಕ್ಯಾಂಪಿಗೆಂದು ಡೆಲ್ಲಿಗೆ, ಸಿಮ್ಲಾಕ್ಕೆ ಹೋಗುವಾಗ ಫಾರಂಗಳಿಗೆ ಸಹಿ ಹಾಕಿ, ಸ್ಟೇಷನ್ನಿಗೆ ಹೋಗಿ ಕೈ ಬೀಸಿ, ನಂಬರ್ ಹದಿನೆಂಟು ಬಸ್ಸು ಹತ್ತಿ ಮನೆಗೆ ಬಂದಿದ್ದರು.

ಎಪ್ಪತ್ತೆಂಟನೇ ಇಸವಿ ನವೆಂಬರಿನಲ್ಲಿ ಒಂದು ಸರ್ಕ್ಯುಲರ್ ಬಂತು. ನಲವತ್ತು ದಾಟದ ಮಹಿಳಾ ಆಫೀಸರುಗಳು ಹಿಮದ ಮೇಲೆ ಸ್ಕೀ ಮಾಡುವುದನ್ನು ಕಲಿಯಲು ಹದಿನೈದು ದಿನಕ್ಕೆ ಗುಲ್ಮಾರ್ಗಿಗೆ ಹೋಗಬಹುದು, ಮೊದಲೇ ಗೊತ್ತಿರದಿದ್ದರೂ ಅಡ್ಡಿಯಿಲ್ಲ ಎಂದು. ಸರ್ಕ್ಯುಲರನ್ನು ದಪ್ಪ ಪುಸ್ತಕಕ್ಕೆ ಅಂಟಿಸಿ ಟೀಚರುಗಳ ಸಹಿ ತೆಗೆದುಕೊಂಡು ಬರುವುದು ಪಿಳ್ಳಣ್ಣನ ಕೆಲಸ. ಅವನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ 'ಗುಲ್ಮಾರ್ಗ್' ಎಂಬ ಅಕ್ಷರಗಳನ್ನು ಒಂಬತ್ತು ವರ್ಷ ಗೋಧಿಹಿಟ್ಟಿನ ಮೂಟೆಗಳ ಮೇಲೆ ಓದಿದ್ದ.

ಕಮಲಾದೇವಿ ಸಹಿ ಹಾಕಿ ಪುಸ್ತಕ ಕೊಟ್ಟರೂ ಅವನು ಕದಲಲಿಲ್ಲ.

"ಏನು ಪಿಳ್ಳಣ್ಣ?"

"ಆ ಜಾಗ ನಂಗೊತ್ತು ಮೇಡಂ. ಅಲ್ಲೇ ಇದ್ದೆ. ಒಂಬತ್ತು ಚಳಿಗಾಲ."

ಪೆನ್ನಿಗೆ ಕ್ಯಾಪು ಹಾಕುತ್ತಿದ್ದ ಅವರ ಕೈ ನಿಂತಿತು. "ನನಗೆ ಮೂವತ್ತೆಂಟು," ಎಂದರು, ಅವನು ಕೇಳದಿದ್ದರೂ. ಆಮೇಲೆ, "ಹಿಮದ ಮೇಲೆ ಜಾರೋದಕ್ಕೆ ನಿಮಗೆ ಬರುತ್ತಾ?" ಎಂದು ಕೇಳಿದರು.

ಹೇಳಬೇಕೆಂದು ಅವನೇನೂ ಹೊಂಚಿರಲಿಲ್ಲ. ಆದರೆ ಒಳಗೆ ಬಹಳ ದಿನ ಇದ್ದದ್ದು ಬಾಗಿಲು ತೆರೆದ ಕೂಡಲೇ ಹೊರಗೆ ಬಂದುಬಿಡುತ್ತದೆ. "ಬತ್ತದೆ ಮೇಡಂ," ಎಂದುಬಿಟ್ಟ.

ಬರುತ್ತಿರಲಿಲ್ಲ. ಪಿಳ್ಳಣ್ಣ ಮಿಲಿಟರಿಯಲ್ಲಿ ಅಡಿಗೆಯವನಾಗಿದ್ದ. ಅಲ್ಲಿ ಅಡಿಗೆಮನೆಗೆ ಲಂಗರು ಎನ್ನುತ್ತಾರೆ. ಆ ಲಂಗರಿಗೆ ಒಂದೇ ಕಿಟಕಿ. ಒಲೆಯ ಎದುರು ನಿಂತು ರೊಟ್ಟಿ ತಿರುವಿಹಾಕುವವನಿಗೆ ಕಿಟಕಿಯಾಚೆ ಬಿಳಿಯ ಇಳಿಜಾರು ಕಾಣುತ್ತಿತ್ತು. ಸಿಪಾಯಿಗಳು, ಆಫೀಸರುಗಳು ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಕ್ಕಿಗಳ ಹಾಗೆ ಬಂದು, ಕೆಂಪು ಬಾವುಟದ ಹತ್ತಿರ ನಿಲ್ಲುತ್ತಿದ್ದರು. ನಿಲ್ಲಲು ಬಾರದವರು ಬೀಳುತ್ತಿದ್ದರು. ಬಿದ್ದವರು ಏಳುತ್ತಿದ್ದರು. ಮೂರನೇ ದಿನಕ್ಕೂ ಬಾವುಟದ ಹತ್ತಿರ ನಿಲ್ಲಲು ಬಾರದವರನ್ನು ಲಾರಿ ಹತ್ತಿಸಿ ಕೆಳಗೆ ಕಳಿಸುತ್ತಿದ್ದರು. ಒಂಬತ್ತು ಚಳಿಗಾಲ ಅವನು ಇದನ್ನೇ ನೋಡಿದ. ಹಲಗೆಗಳನ್ನು ಒರೆಸಿದ್ದ, ಅವಕ್ಕೆ ಮೇಣ ಉಜ್ಜಿದ್ದ, ಗೋಡೆಗೆ ಸಾಲಾಗಿ ಒರಗಿಸಿದ್ದ. ಕಾಲಿಗೆ ಕಟ್ಟಿಕೊಂಡಿರಲಿಲ್ಲ. ಕೊನೆಯ ಚಳಿಗಾಲದಲ್ಲಿ ಒಬ್ಬ ಕ್ಯಾಪ್ಟನ್ ಇದ್ದ. ಒಳ್ಳೆಯ ಮನುಷ್ಯ. ಚಹಾ ಕುಡಿಯುತ್ತಾ ಇವನ ಮುಖ ನೋಡಿ ಒಂದು ದಿನ, "ಬರೋ ಭಾನುವಾರ ನಿನ್ನನ್ನ ಮೇಲಕ್ಕೆ ಕರ್ಕೊಂಡು ಹೋಗ್ತೀನಿ," ಎಂದು ಹಿಂದಿಯಲ್ಲಿ ಹೇಳಿದ್ದ. ಶನಿವಾರ ಕ್ಯಾಪ್ಟನ್ನಿಗೆ ವರ್ಗವಾಯಿತು. ಭಾನುವಾರ ಪಿಳ್ಳಣ್ಣ ನೂರಿಪ್ಪತ್ತು ಜನಕ್ಕೆ ಹಲ್ವ ಮಾಡಿದ.

ಊರಿಗೆ ಬಂದ ಮೇಲೆ ಪಾಳ್ಯದವರು, "ಮಿಲ್ಟ್ರೀಲಿ ಏನ್ಮಾಡ್ತಿದ್ದೆ ಪಿಳ್ಳಣ್ಣ? ಗುಂಡು ಹೊಡೀತಿದ್ಯಾ?" ಎಂದು ಕೇಳಿದರೆ, "ಹಿಮದ ಮೇಲೆ ಜಾರ್ತಿದ್ದೆ," ಎನ್ನುತ್ತಿದ್ದ. ಎಲ್ಲರೂ ನಂಬಿದರು, ಅವನ ಹೆಂಡತಿ ಅಣ್ಣಮ್ಮ ಒಬ್ಬಳನ್ನು ಬಿಟ್ಟು. "ಜಾರ್ತಿದ್ದೋನ್ಗೆ ಸಾರಿಗೆ ಹುಳಿ ಹೆಚ್ಚಾದ್ದು ವಾಸ್ನೇಲೇ ಹೆಂಗೆ ಗೊತ್ತಾಯ್ತದೆ?" ಎಂದು ಒಂದೇ ಒಂದು ಸಲ ಕೇಳಿದ್ದಳು. ಅವನು ಎದ್ದು ಹೊರಗೆ ಹೋದ. ಅವಳೂ ಮತ್ತೆ ಕೇಳಲಿಲ್ಲ.

ಹೊಟ್ಟಿನ ಉಪಾಯ ಅವನದೇ. ದಾಸಪ್ಪನ ಗೂಡಿನ ಮುಂದೆ ಹಾಯುವಾಗ ಹೊಟ್ಟಿನ ರಾಶಿಯ ಮೇಲೆ ನಾಯಿಯೊಂದು ಹತ್ತಲು ಹೋಗಿ ಹೋಗಿ ಜಾರುತ್ತಿದ್ದುದನ್ನು ನೋಡಿದ್ದ. ಆಚಾರಿ ಹತ್ತಿರ ನೀಲಗಿರಿ ಮರದ ಎರಡು ಹಲಗೆ ಸೀಳಿಸಿ, ತುದಿಗಳನ್ನು ನಾಲ್ಕು ದಿನ ನೀರಲ್ಲಿ ನೆನೆಹಾಕಿ, ಗೂಡಿನ ಕಾವಿಗೆ ಹಿಡಿದು ಮೇಲಕ್ಕೆ ಬಗ್ಗಿಸಿದ. ಕಾಲಿಗೆ ಕಟ್ಟಲು ಸೈಕಲ್ ಟ್ಯೂಬು. ಬಿದಿರುಕೋಲು ಹೊಟ್ಟಿನಲ್ಲಿ ಹೂತುಕೊಳ್ಳದಿರಲೆಂದು ತುದಿಗೆ ಡಾಲ್ಡಾ ಡಬ್ಬದ ಮುಚ್ಚಳ. ಹಲಗೆಗಳ ತಳಕ್ಕೆ ಮೇಣದಬತ್ತಿ ಉಜ್ಜಿ, ಬೆರಳಲ್ಲಿ ನೇವರಿಸಿ ನೋಡಿದ. ಆ ನುಣುಪು ಕೈಗೆ ಚೆನ್ನಾಗಿ ನೆನಪಿತ್ತು.

"ನನ್ನ ಹೊಟ್ಟಿನ ಮೇಲೆ ಮೇಡಂನ ಜಾರಿಸ್ತೀಯಾ? ಹುಚ್ಚು ಗಿಚ್ಚು ಹಿಡಿದೈತಾ?" ಎಂದ ದಾಸಪ್ಪ. ಆದರೂ ಅವನೇ ಆಳು ಬಿಟ್ಟು ದಾರಿಗೆ ಹೊಟ್ಟು ಹರಡಿಸಿದ. ಮುಂದಿನ ವರ್ಷ ಅಲ್ಲಿ ಲೇಔಟು ಬರುತ್ತದೆಂದು ಹೊಲಗಳಲ್ಲೆಲ್ಲ ಸರ್ವೆ ಕಲ್ಲು ನೆಟ್ಟಿದ್ದರು. ಗೂಡು ಮುಚ್ಚುವವನಿಗೆ ಒಂದು ತಮಾಷೆಯಾದರೂ ಇರಲಿ ಎಂದಿರಬೇಕು.

ಹೀಗೆ ಪ್ರತಿ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಕಮಲಾದೇವಿ ಅಣ್ಣಮ್ಮನ ಮನೆಗೆ ಬಂದು, ಸೀರೆ ಮಡಿಸಿಟ್ಟು, ಎನ್‌ಸಿಸಿ ಖಾಕಿ ಪ್ಯಾಂಟು ಹಾಕಿಕೊಂಡು ಹಳ್ಳಕ್ಕೆ ಬರುತ್ತಿದ್ದರು.

"ಮುಂದುಗಡೆ ಮೂತಿ ಎರಡೂ ಸೇರ್ಬೇಕು, ಹಿಂದುಗಡೆ ಅಗಲ ಆಗ್ಬೇಕು ಮೇಡಂ. ಗುಡಿಸಲು ಸೂರಿನ ಥರ. ಸೂರು ಅಗಲ ಆದಷ್ಟೂ ನಿಲ್ತೀರಿ."

"ಹೀಗಾ?"

"ಇನ್ನೂ ಅಗಲ. ಹಿಮ್ಮಡಿ ಒತ್ತಿ. ಹಾಂ! ನಿಂತ್ರಿ ನೋಡಿ!"

ನಿಲ್ಲುವುದು, ಬೀಳುವುದು, ಏಳುವುದು. ಈ ಮೂರರಲ್ಲಿ ಅವನನ್ನು ಮೀರಿಸಿದ ಮೇಷ್ಟ್ರಿರಲಿಲ್ಲ. ಆದರೆ ಮೊದಲನೇ ದಿನವೇ ದಂಡೆಯ ಮೇಲೆ ನಿಂತು ಕಮಲಾದೇವಿ, "ಹೊರಡೋದು ಹೇಗೆ ಪಿಳ್ಳಣ್ಣ?" ಎಂದು ಕೇಳಿದ್ದರು. ಅವರ ಕಾಲಿಗೆ ಟ್ಯೂಬು ಕಟ್ಟುತ್ತಿದ್ದ ಅವನು ಇನ್ನೊಂದು ಸುತ್ತು ಬಿಗಿದ. ಲಂಗರಿನ ಕಿಟಕಿಯ ಆಚೆ ಮೂರು ದೇವದಾರು ಮರಗಳಿದ್ದವು. ಜಾರುವವರು ಆ ಮರಗಳ ಹಿಂದಿನಿಂದ ಬರುತ್ತಿದ್ದರು, ಬರುವಾಗಲೇ ಜಾರುತ್ತಾ ಬರುತ್ತಿದ್ದರು. ಅವರು ಹೇಗೆ ಹೊರಡುತ್ತಾರೆ ಎಂಬುದನ್ನು ಒಂಬತ್ತು ವರ್ಷದಲ್ಲಿ ಅವನು ಒಂದು ಸಲವೂ ಕಂಡಿರಲಿಲ್ಲ.

"ಅದು... ಅದು ತಾನಾಗೇ ಆಯ್ತದೆ ಮೇಡಂ."

ತಾನಾಗೇ ಆಗಲಿಲ್ಲ. ಅವರು ಹೊಟ್ಟಿನಲ್ಲಿ ಹೂತ ಕಂಬದ ಹಾಗೆ ನಿಂತೇ ಇದ್ದರು. ಕೊನೆಗೆ ದಾಸಪ್ಪ ಹಿಂದಿನಿಂದ ಬಂದು, "ತಪ್ಪು ತಿಳ್ಕೋಬೇಡಿ ತಾಯಿ," ಎಂದು ಬೆನ್ನಿಗೆ ಒಂದು ಮಡಿಸಿದ ಗೋಣಿಚೀಲ ಇಟ್ಟು ತಳ್ಳಿದ. ಸರ್‍ರನೆ ಹೋದರು. ಅಂದಿನಿಂದ ಅದೇ ರೂಢಿಯಾಯಿತು. ಕಮಲಾದೇವಿ ಮೇಲೆ ನಿಂತು ಮೊಣಕಾಲು ಬಗ್ಗಿಸಿ, ಬೆನ್ನು ಬಾಗಿಸಿ ಕಾಯುವುದು. ದಾಸಪ್ಪ ಗೋಣಿಚೀಲ ಇಟ್ಟು ತಳ್ಳುವುದು. ಕೆಳಗೆ ಪಿಳ್ಳಣ್ಣ ಕೂಗುವುದು.

"ನೀವೊಂದು ಸಲ ಮಾಡಿ ತೋರ್ಸಬಾರದಾ?" ಎಂದು ಜನವರಿಯಲ್ಲಿ ಒಂದು ದಿನ ಅವರು ಕೇಳಿದರು.

"ಮೊಣಕಾಲು ಮೇಡಂ," ಎಂದು ಅವನು ಎಡಗಾಲು ಮುಟ್ಟಿಕೊಂಡ. "ಕಾರ್ಗಾಲದಿಂದ ಹಿಡ್ಕೊಂಡೈತೆ."

ಅವತ್ತು ಸಂಜೆ ಅಣ್ಣಮ್ಮ ಕಡಲೆಕಾಯಿ ಬಿಡಿಸುತ್ತಾ, "ಯಾವ ಮೊಣಕಾಲು?" ಎಂದು ಕೇಳಿದಳು.

"ಎಡಗಡೇದು."

"ಓಹೋ. ನಂಗೆ ಹೇಳೇ ಇರ್ಲಿಲ್ಲ ಅದು." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ಆ ಯಮ್ಮ ನಿನ್ನ ನಂಬ್ಕೊಂಡು ಅಷ್ಟು ದೂರ ಹೋಯ್ತದೆ. ಅಲ್ಲಿ ಹೋಗಿ ಕೈಕಾಲು ಮುರ್ಕೊಂಡ್ರೆ?"

"ಮುರ್ಕೊಳ್ಳಲ್ಲ. ಬೀಳೋದು ಕಲ್ಸಿವ್ನಿ."

"ಅದೇ ನಂಗೂ ಆಶ್ಚರ್ಯ," ಎಂದಳು ಅಣ್ಣಮ್ಮ. "ಬೀಳ್ದೇ ಇದ್ದೋನು ಬೀಳೋದು ಹೆಂಗೆ ಕಲುಸ್ದ ಅಂತ."

ಕಮಲಾದೇವಿ ಹೊರಟ ದಿನ ಅವರ ಅಣ್ಣ ಸ್ಟೇಷನ್ನಿಗೆ ಬರಲಿಲ್ಲ. "ಈ ವಯಸ್ಸಿಗೆ ಸೊಂಟ ಮುರ್ಕೊಂಡು ಬಂದ್ರೆ ನೋಡೋರು ಯಾರು? ಮೂರು ದಿನಕ್ಕೆ ವಾಪಸ್ ಕಳ್ಸಿದ್ರೆ ಮುಖ ಎಲ್ಲಿಡ್ತೀ?" ಎಂದು ಮನೆಯಲ್ಲೇ ಹೇಳಿ ಮುಗಿಸಿದ್ದ. ಹೆಗಲಿಗೆ ಬ್ಯಾಗು ಏರಿಸಿ ಪ್ಲಾಟ್‌ಫಾರಂ ಮೇಲೆ ನಿಂತಿದ್ದವರಿಗೆ ಪಿಳ್ಳಣ್ಣ ಒಂದು ಪೊಟ್ಟಣ ಕೊಟ್ಟ. ಹುರಿಹಿಟ್ಟು ಬೆಲ್ಲ ಕಲಸಿ ಕಟ್ಟಿದ ಉಂಡೆಗಳು. "ಅಲ್ಲಿ ಚಳೀಗೆ ಹೊಟ್ಟೆ ಬೇಗ ಹಸೀತದೆ. ಬೆಳಿಗ್ಗೆ ಒಂದು, ಸಂಜೆ ಒಂದು."

"ಮೂರನೇ ದಿನ ದಾಟಿದ್ರೆ ಸಾಕು ಪಿಳ್ಳಣ್ಣ," ಎಂದರು ಅವರು. ಹುಡುಗಿಯರನ್ನು ಹತ್ತಿಸಿ ಕಳಿಸುತ್ತಿದ್ದ ಅದೇ ರೈಲಿಗೆ ತಾವೇ ಹತ್ತಿದರು. ಕಿಟಕಿಯಲ್ಲಿ ಅವರ ಕೈ ಕಂಡಿತು. ಈ ಸಲ ಕೈ ಬೀಸಿದವನು ಪಿಳ್ಳಣ್ಣ.

ಹಲಗೆಗಳು ಅವನ ಮನೆಯಲ್ಲೇ ಉಳಿದವು, ಬಾಗಿಲ ಹಿಂದೆ, ಗೋಡೆಗೆ ಒರಗಿ. ಅವನು ದಿನ ಎಣಿಸುತ್ತಿದ್ದ. ಇವತ್ತು ಜಮ್ಮು ಮುಟ್ಟಿರಬೇಕು. ಇವತ್ತು ಬಸ್ಸು. ಇವತ್ತು ಮೊದಲನೇ ದಿನ. ಮೂರನೇ ದಿನ ನಾಲ್ಕನೇ ಪೀರಿಯಡ್ಡಿನ ಗಂಟೆಯನ್ನು ಎರಡು ನಿಮಿಷ ತಡವಾಗಿ ಹೊಡೆದ. ಹೆಡ್‌ಮಿಸ್ಟ್ರೆಸ್ಸು ಕನ್ನಡಕ ತೆಗೆದು ಗಡಿಯಾರ ನೋಡಿದರು. ಕಮಲಾದೇವಿ ನಾಲ್ಕನೇ ದಿನವೇ ರೈಲು ಹತ್ತಿದರೆ ಮುಂದಿನ ವಾರ ಬಂದುಬಿಡುತ್ತಾರೆ ಎಂದು ಲೆಕ್ಕ ಹಾಕಿ, ಮುಂದಿನ ವಾರವೆಲ್ಲ ಗೇಟಿನ ಕಡೆ ನೋಡುತ್ತಿದ್ದ. ಅವರು ಬರಲಿಲ್ಲ. ಬಾರದಿದ್ದಷ್ಟೂ ಅವನಿಗೆ ಖುಷಿ. ಆ ಖುಷಿಯ ಒಳಗೊಂದು ಮುಳ್ಳು. ಆ ಇಳಿಜಾರಿನ ಮೇಲೆ ಈಗ ಅವರಿದ್ದಾರೆ, ಮರಗಳ ಹಿಂದೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅಣ್ಣಮ್ಮ ನೋಡಿಯೂ ಸೊಪ್ಪು ಸೋಸುತ್ತಾ ಕುಳಿತಳು. ಗೂಡಿನಲ್ಲಿ ಯಾರೂ ಇರಲಿಲ್ಲ. ದಂಡೆಯ ಮೇಲೆ ನಿಂತು ಟ್ಯೂಬು ಕಟ್ಟಿಕೊಂಡ. ಹಲಗೆ ಕಟ್ಟಿಕೊಂಡು ಮೇಲಿನಿಂದ ನೋಡಿದರೆ ಅದು ಬೇರೆಯೇ ಜಾಗ. ತಾನು ಪ್ರತಿ ಶನಿವಾರ ನಿಲ್ಲುತ್ತಿದ್ದ ತಳವೇ ಕಾಣುತ್ತಿರಲಿಲ್ಲ. ಇಳಿಜಾರು ಹೊಂಗೆ ಮರದ ಹತ್ತಿರ ಹೋಗಿ ಮಾಯವಾಗುತ್ತಿತ್ತು. ಮೊಣಕಾಲು ಬಗ್ಗಿಸಿದ. ಬೆನ್ನು ಬಾಗಿಸಿದ. ಹಾಗೇ ನಿಂತ. ಬೀಳುವ ಭಯವಿರಲಿಲ್ಲ, ಬೀಳುವುದು ಅವನಿಗೆ ಬಾಯಿಪಾಠ. ಆದರೆ ಹೊರಡುವುದು ಎಂದರೆ ಏನು ಮಾಡಬೇಕು? ಯಾವ ಕಾಲು ಮುಂದೆ? ಕೋಲು ಎಲ್ಲಿ? ಹಲಗೆ ಒಂದು ಅಂಗುಲವೂ ಕದಲಲಿಲ್ಲ.

"ತಳ್ಳನೇನೋ?" ಎಂದು ಹಿಂದಿನಿಂದ ಕೇಳಿಸಿತು. ದಾಸಪ್ಪ, ಬಾಯಲ್ಲಿ ಬೀಡಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬ್ಯಾಡ," ಎಂದ ಪಿಳ್ಳಣ್ಣ. ಕೂತು ಟ್ಯೂಬು ಬಿಚ್ಚಿದ. "ಮೊಣಕಾಲು."

ದಾಸಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

ಮಾರ್ಚಿ ಮೊದಲ ವಾರ ಕಮಲಾದೇವಿ ಬಂದರು. ಮುಖ ಬಿಸಿಲಿಗೆ ಕಪ್ಪಾಗಿ, ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು. ಪ್ರಾರ್ಥನೆ ಮುಗಿಯುತ್ತಲೇ ಹುಡುಗಿಯರು ಮುತ್ತಿಕೊಂಡರು, ಟೀಚರುಗಳು ಮುತ್ತಿಕೊಂಡರು. ಪಿಳ್ಳಣ್ಣ ದೂರದಿಂದಲೇ ನೋಡಿದ. ಕೈಕಾಲು ನೆಟ್ಟಗಿದ್ದವು. ಮಧ್ಯಾಹ್ನ ಬಿಡುವಿನಲ್ಲಿ ಅವರೇ ಗಂಟೆ ಕಟ್ಟೆಯ ಹತ್ತಿರ ಬಂದು ಕೂತರು.

"ಮೂರನೇ ದಿನ ಬಾವುಟದ ಹತ್ರ ನಿಂತೆ ಪಿಳ್ಳಣ್ಣ. ಇಷ್ಟೇ ದೂರ," ಎಂದು ಎರಡು ಕೈಗಳ ನಡುವೆ ಒಂದು ಮೊಳ ತೋರಿಸಿದರು. "ಇಪ್ಪತ್ತೆರಡು ಜನದಲ್ಲಿ ಬಿದ್ದು ಏಳೋದು ನನ್ನ ಬಿಟ್ಟರೆ ಯಾರಿಗೂ ಬರ್ತಿರಲಿಲ್ಲ. ಎಲ್ಲಿ ಕಲಿತ್ರಿ ಅಂತ ಕೇಳಿದ್ರು. ಬೆಂಗಳೂರಲ್ಲಿ ಅಂದೆ. ತಮಾಷೆ ಮಾಡ್ತಿದೀನಿ ಅಂದ್ಕೊಂಡ್ರು."

ಪಿಳ್ಳಣ್ಣನ ಮುಖ ಅರಳಿತು.

"ಆದರೆ ಮೊದಲನೇ ದಿನ ಒಂದು ಮರ್ಯಾದೆ ಹೋಯ್ತು," ಎಂದು ಅವರು ನಗತೊಡಗಿದರು. "ಮೇಲೆ ನಿಲ್ಲಿಸಿ, ಹೊರಡಿ ಅಂದ್ರು. ನಾನು ಮೊಣಕಾಲು ಬಗ್ಗಿಸಿ, ಬೆನ್ನು ಬಾಗಿಸಿ ನಿಂತೆ. ನಿಂತೇ ಇದ್ದೆ. ಏನಮ್ಮ ಕಾಯ್ತಾ ಇದೀರ ಅಂತ ಕೇಳಿದ್ರು. ನಾನು ಹಿಂದೆ ತಿರುಗಿ ನೋಡಿದೆ. ದಾಸಪ್ಪ ಇರಲಿಲ್ಲ!"

ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಪಿಳ್ಳಣ್ಣನೂ ನಗಬೇಕೆಂದು ನೋಡಿದ. ನಗು ನಿಂತ ಮೇಲೆ ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿ ಮಾತಾಡಿದರು.

"ಅಲ್ಲೊಂದು ಹಳೇ ಲಂಗರು ಇನ್ನೂ ಇದೆ. ಟೀ ತಗೊಳ್ಳೋಕೆ ಹೋದಾಗ ಒಲೆ ಪಕ್ಕ ನಿಂತಿದ್ದೆ. ಒಂದು ಕಿಟಕಿ ಇದೆ ಅಲ್ಲಿ."

ಅವನು ಗಂಟೆ ಹೊಡೆಯುವ ಕೊಡತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಅಲ್ಲಿಂದ ಬಾವುಟದ ಕಂಬ ಚೆನ್ನಾಗಿ ಕಾಣುತ್ತೆ," ಎಂದರು. "ನಿಲ್ಲೋದು, ಬೀಳೋದು, ಏಳೋದು ಎಲ್ಲಾ ಕಾಣುತ್ತೆ. ಅದರ ಮೇಲಕ್ಕೆ ಮರ ಅಡ್ಡ."

ಮೈದಾನದಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು.

"ಮೂರು ಮರ ಮೇಡಂ," ಎಂದ ಕೊನೆಗೆ.

"ಈಗ ಎರಡೇ ಇವೆ. ಒಂದು ಬಿದ್ದು ಹೋಗಿದೆ."

"ಯಾವ್ದು? ಎಡಗಡೇದಾ?"

"ಎಡಗಡೇದು."

"ಅದು ನಾನಿದ್ದಾಗ್ಲೇ ವಾಲಿತ್ತು," ಎಂದ ಅವನು. ಇನ್ನೂ ಏನೋ ಹೇಳಬೇಕಿತ್ತು. "ಮೇಡಂ, ನಾನು ನಿಮ್ಗೆ..."

"ಬರೋ ಭಾನುವಾರ ಹಳ್ಳಕ್ಕೆ ಬನ್ನಿ," ಎಂದು ಅವರು ಎದ್ದು ನಿಂತರು. "ಹಲಗೆ ತಗೊಂಡು ಬನ್ನಿ. ಗಂಟೆ ಹೊಡೀರಿ, ಟೈಮಾಯ್ತು."

ಬರೋ ಭಾನುವಾರ. ಆ ಮಾತನ್ನು ಅವನು ಮೊದಲೂ ಒಮ್ಮೆ ಕೇಳಿದ್ದ. ಶನಿವಾರವೆಲ್ಲ ಸ್ಟಾಫ್‌ರೂಮಿನ ಕಡೆ ಸುಳಿದಾಡಿದ. ಏನಾದರೂ ಬರುತ್ತದೆ, ಅವರ ಅಣ್ಣನ ಮನೆಗೆ ನೆಂಟರು ಬರುತ್ತಾರೆ, ಬೆಳಿಗ್ಗೆ ಜ್ವರ ಬರುತ್ತದೆ. ಭಾನುವಾರಗಳು ಹಾಗೆಯೇ ಎಂದು ಅವನಿಗೆ ಗೊತ್ತಿತ್ತು.

ಅವರು ಎಂಟು ಗಂಟೆಗೇ ಬಂದಿದ್ದರು. ಹೊಟ್ಟಿನ ದೊಡ್ಡ ರಾಶಿ ಕರಗಿಹೋಗಿತ್ತು. "ನಾಳೆಯಿಂದ ಕೊನೇ ಗೂಡು ಸುಡೋದು," ಎಂದ ದಾಸಪ್ಪ. "ಇದೊಂದು ದಾರೀದು ಉಳಿಸ್ಕೊಂಡಿದ್ದೆ. ಇವತ್ತು ಏನ್ಮಾಡ್ಕತೀರೋ ಮಾಡ್ಕಳಿ." ಕೆಲಸವಿಲ್ಲದಿದ್ದರೂ ಮಾರಮ್ಮ ಬಂದು ಇಟ್ಟಿಗೆ ಸಾಲಿನ ಮೇಲೆ ಕೂತಿದ್ದಳು. ತಿಂಡಿಯ ಡಬ್ಬಿ ಹಿಡಿದುಕೊಂಡು ಬಂದ ಅಣ್ಣಮ್ಮ ಮೇಲಕ್ಕೆ ಬರಲಿಲ್ಲ. ಬಳಸಿಕೊಂಡು ಹೋಗಿ ಹಳ್ಳದ ತಳದಲ್ಲಿ ನಿಂತಳು.

ಕಮಲಾದೇವಿ ಮಂಡಿಯೂರಿ ಅವನ ಕಾಲಿಗೆ ಟ್ಯೂಬು ಸುತ್ತತೊಡಗಿದರು.

"ಅಯ್ಯೋ ಬ್ಯಾಡಿ ಮೇಡಂ. ನೀವು ನನ್ನ ಕಾಲು ಮುಟ್ಟೋದಾ!"

"ನೀವು ಎರಡು ತಿಂಗಳು ನನ್ನ ಕಾಲಿಗೆ ಕಟ್ಟಲಿಲ್ವಾ? ಅಲ್ಲಾಡಬೇಡಿ. ಬಿಗಿ ಆಯ್ತಾ?"

"ಆಯ್ತು ಮೇಡಂ."

"ಮೊಣಕಾಲು ಬಗ್ಸಿ."

ಸಾವಿರ ಸಲ ತಾನು ಹೇಳಿದ ಮಾತು. ಬಗ್ಗಿಸಿದ. ಅಭ್ಯಾಸ ಬಲದಿಂದ ದಾಸಪ್ಪ ಗೋಣಿಚೀಲ ಮಡಿಸಿಕೊಂಡು ಹಿಂದೆ ಬಂದು ನಿಂತ.

"ದಾಸಪ್ಪ, ತಳ್ಳಬೇಡಿ," ಎಂದರು ಕಮಲಾದೇವಿ. "ಹಿಂದಕ್ಕೆ ಸರೀರಿ. ಇನ್ನೂ."

ಬೆನ್ನ ಹಿಂದೆ ಹೆಜ್ಜೆ ದೂರವಾದದ್ದು ಅವನಿಗೆ ಕೇಳಿಸಿತು.

"ಕೋಲು ಎರಡೂ ಮುಂದೆ ಊರಿ ಪಿಳ್ಳಣ್ಣ. ಎದೆ ಮುಂದಕ್ಕೆ ಹೋಗಲಿ. ಭಯ ಆದಾಗ ಹಿಂದಕ್ಕೆ ವಾಲಬೇಕು ಅನ್ಸುತ್ತೆ. ವಾಲಬೇಡಿ. ಕೋಲನ್ನ ಒತ್ತಿ ಬಿಟ್ಟುಬಿಡಿ. ಅಷ್ಟೇ."

"ಅಷ್ಟೇನಾ ಮೇಡಂ?"

"ಅಷ್ಟೇ."

ಅವನು ತಲೆ ಎತ್ತಿ ಅವರನ್ನು ನೋಡಿದ. ಮರಗಳ ಹಿಂದೆ ಅಷ್ಟು ವರ್ಷ ನಡೆದದ್ದು ಇಷ್ಟೇನಾ ಎಂದು ಇನ್ನೊಂದು ಸಲ ಕೇಳುವವನಿದ್ದ; ಕೇಳಲಿಲ್ಲ. ಕೋಲೂರಿದ. ಎದೆ ಮುಂದೆ ಹೋಯಿತು. ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಾಲಡಿಯಲ್ಲಿ ಹೊಟ್ಟು ಪಿಸುಗುಟ್ಟಿತು. ಪಿಸುಮಾತು ಸದ್ದಾಯಿತು, ಸದ್ದು ಗಾಳಿಯಾಯಿತು. ಹೊಂಗೆ ಮರ ಎದುರು ಬಂದು ಪಕ್ಕಕ್ಕೆ ಸರಿದು ಹಿಂದೆ ಹೋಯಿತು. ಅಲ್ಲಿಂದಾಚೆಗಿನದು ಅವನಿಗೆ ಗೊತ್ತಿದ್ದ ದಾರಿ. ಮೂತಿ ಸೇರಿಸಿದ, ಹಿಮ್ಮಡಿ ಒತ್ತಿದ, ಸೂರು ಅಗಲ ಮಾಡಿದ. ಅಣ್ಣಮ್ಮನಿಗೆ ಒಂದು ಮಾರು ದೂರದಲ್ಲಿ ನಿಂತ. ಒಂದು ಕ್ಷಣ ನೆಟ್ಟಗೆ ನಿಂತಿದ್ದು, ಆಮೇಲೆ ನೋಡುವವರಿಗೆ ಬೇಕೆಂದೇ ಬಿದ್ದನೆನ್ನಿಸುವಷ್ಟು ಸಲೀಸಾಗಿ ಪಕ್ಕಕ್ಕೆ ಬಿದ್ದ.

ಮೇಲಿನಿಂದ ಮಾರಮ್ಮನ ಶಿಳ್ಳೆ ಕೇಳಿಸಿತು. ಅಣ್ಣಮ್ಮ ಡಬ್ಬಿಯನ್ನು ನೆಲಕ್ಕಿಟ್ಟು ಬಂದಳು. ಅವನ ಕೂದಲಿನ ಹೊಟ್ಟು ಕೊಡವಿದಳು.

"ಯಾವಾಗ ಹೊರಟೆ?" ಎಂದು ಕೇಳಿದಳು. "ಮರ ಅಡ್ಡ ಇತ್ತು, ಕಾಣ್ಸಲೇ ಇಲ್ಲ. ಏಕ್‌ದಂ ಬಂದ್ಬುಟ್ಟೆ."

ಪಿಳ್ಳಣ್ಣ ಮೇಲೆ ನೋಡಿದ. ಹೊಂಗೆಯ ಕೊಂಬೆಗಳ ಆಚೆಯಿಂದ ಎರಡು ಗೆರೆಗಳು ಹೊರಟು, ಜೊತೆಜೊತೆಗೆ ಇಳಿದು, ಅವನ ಕಾಲ ಹತ್ತಿರ ಬಂದು ಸೇರಿದ್ದವು. ಅವನು ಟ್ಯೂಬು ಬಿಚ್ಚಿದ, ಹಲಗೆಗಳನ್ನು ಹೆಗಲ ಮೇಲೆ ಹಾಕಿಕೊಂಡ, ಗೆರೆಗಳನ್ನು ತುಳಿಯದ ಹಾಗೆ ಪಕ್ಕದಲ್ಲಿ ಕಾಲಿಡುತ್ತಾ ದಂಡೆ ಹತ್ತತೊಡಗಿದ. ಗಾಳಿಗೆ ಹೊಟ್ಟು ಒಂದೊಂದಾಗಿ ಗೆರೆಯೊಳಗೆ ಉದುರುತ್ತಿತ್ತು.